ಗಿಟಾರ್ ಆಂಪ್‌ನ ಸ್ಪೀಕರ್ ಪೊಲಾರಿಟಿಯನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಎರಡು ಅಥವಾ ನಾಲ್ಕು ಸ್ಪೀಕರ್‌ಗಳಿರುವ ಗಿಟಾರ್ ಆಂಪ್‌ನಲ್ಲಿ (ಆಂಪ್ಲಿಫೈಯರ್) ಯಾವುದಾದರೂ ಒಂದು ಸ್ಪೀಕರ್‌ನ ಪ್ಲಸ್ ಮತ್ತು ಮೈನಸ್ ತಂತಿಗಳು ಅದಲುಬದಲಾಗಿದ್ದರೆ, ಅಂದರೆ ಅದರ ಪೊಲಾರಿಟಿ ತಿರುಗಿದ್ದರೆ, ಫ್ಯೂಸ್ ಹೋಗುವುದಿಲ್ಲ, ಆಂಪ್ ಬಿಸಿಯೇರುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ದಪ್ಪ ತಂತಿಗಳ ನಾದ ಮಾತ್ರ ಸೊರಗಿ, ಆಂಪ್ ತನ್ನ ಗಾತ್ರಕ್ಕೆ ತಕ್ಕ ತೂಕವಿಲ್ಲದೆ ಟೊಳ್ಳಾಗಿ ಕೇಳಿಸುತ್ತದೆ. ಕಣ್ಣಿಗೆ ಕಾಣುವ ದೋಷ ಯಾವುದೂ ಇಲ್ಲದ ಕಾರಣ ನುಡಿಸುವವರು ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿ ನೋಡುತ್ತಾರೆ, ವಾಲ್ವ್‌ಗಳನ್ನು (ಸಿಗ್ನಲನ್ನು ಹಿಗ್ಗಿಸುವ ಗಾಜಿನ ಕೊಳವೆಗಳನ್ನು) ಬದಲಾಯಿಸುತ್ತಾರೆ, ಕೊನೆಗೆ ಚೆನ್ನಾಗಿರುವ ಸ್ಪೀಕರ್‌ಗಳನ್ನೇ ಕಿತ್ತು ಹೊಸದನ್ನು ಹಾಕಿಸುತ್ತಾರೆ. ಒಂದು ಬ್ಯಾಟರಿ ಮತ್ತು ಎರಡು ತುಂಡು ತಂತಿಯಿಂದ ತೀರ್ಮಾನವಾಗುವ ಈ ಪರೀಕ್ಷೆಯನ್ನು ಸ್ಪೀಕರ್ ಬದಲಿಸಿದ ಪ್ರತಿ ಸಲವೂ, ಬಳಸಿದ ಆಂಪ್ ಕೊಂಡಾಗಲೂ ಮಾಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಮಾಡುವಾಗ ತಂತಿಯ ಬಣ್ಣವನ್ನಾಗಲಿ ಟರ್ಮಿನಲ್‌ನ ಗುರುತನ್ನಾಗಲಿ ನಂಬಬಾರದು. ಕೋನ್ (ಸ್ಪೀಕರ್‌ನಲ್ಲಿ ಅಲುಗಾಡಿ ಸದ್ದು ಹೊಮ್ಮಿಸುವ ಕಾಗದದ ಬಟ್ಟಲು) ಯಾವ ಕಡೆಗೆ ಸರಿಯಿತು ಎಂಬುದನ್ನಷ್ಟೇ ನಂಬಬೇಕು.

ತಪ್ಪು ಜೋಡಣೆಯಿಂದ ಆಗುವುದೇನು

ಸ್ಪೀಕರ್‌ನ ಪ್ಲಸ್ ಟರ್ಮಿನಲ್‌ಗೆ ಬ್ಯಾಟರಿಯ ಪ್ಲಸ್ ತಾಗಿದಾಗ ಕೋನ್ ಮುಂದಕ್ಕೆ, ಅಂದರೆ ಕೇಳುಗರ ಕಡೆಗೆ, ಸರಿಯಬೇಕು ಎಂಬುದು ಇಂದಿನ ಸಾಮಾನ್ಯ ರೂಢಿ. ಅಕ್ಕಪಕ್ಕದ ಎರಡು ಸ್ಪೀಕರ್‌ಗಳಲ್ಲಿ ಒಂದು ಮುಂದಕ್ಕೆ ಸರಿಯುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಸರಿದರೆ, ಮೊದಲನೆಯದು ತಳ್ಳಿದ ಗಾಳಿಯನ್ನು ಎರಡನೆಯದು ಎಳೆದುಕೊಳ್ಳುತ್ತದೆ. ಕೋಣೆಗೆ ತಲುಪಬೇಕಾದ ಒತ್ತಡ ಹುಟ್ಟುವ ಮೊದಲೇ ಕರಗಿಹೋಗುತ್ತದೆ. ಗಿಟಾರಿನ ಆರನೆಯ ತಂತಿಯನ್ನು ಖಾಲಿ ಮೀಟಿದಾಗ ಬರುವ ಸ್ವರದ ಆವರ್ತನ ಸುಮಾರು 82 ಹರ್ಟ್ಸ್, ಅದರ ಅಲೆಯ ಉದ್ದ 4 ಮೀಟರಿಗೂ ತುಸು ಹೆಚ್ಚು. 12 ಇಂಚಿನ ಎರಡು ಸ್ಪೀಕರ್‌ಗಳ ಕೇಂದ್ರಗಳ ನಡುವಿನ ಅಂತರ ಒಂದು ಅಡಿಗಿಂತ ಸ್ವಲ್ಪ ಹೆಚ್ಚಿರುತ್ತದೆಯಷ್ಟೆ. ಅಷ್ಟು ಉದ್ದದ ಅಲೆಗೆ ಈ ಅಂತರ ಇಲ್ಲವೆನ್ನುವಷ್ಟು ಚಿಕ್ಕದಾದ್ದರಿಂದ ನೀವು ಎಲ್ಲಿ ನಿಂತರೂ ತಗ್ಗಿನ ಸ್ವರಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. 1000 ಹರ್ಟ್ಸ್ ಹತ್ತಿರ ಅಲೆಯ ಉದ್ದ 34 ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿ ಕೆಲವು ಕಡೆ ಅಳಿಯುತ್ತದೆ, ಕೆಲವು ಕಡೆ ಕೂಡುತ್ತದೆ, ಆದ್ದರಿಂದ ನಡು ಮತ್ತು ಮೇಲಿನ ಸ್ವರಗಳು ಉಳಿದುಕೊಳ್ಳುತ್ತವೆಯಾದರೂ ತಲೆಯನ್ನು ಅತ್ತಿತ್ತ ಸರಿಸಿದಂತೆಲ್ಲ ಬಣ್ಣ ಬದಲಿಸುತ್ತವೆ.

ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್‌ನಲ್ಲಿ ಒಂದೇ ಒಂದು ತಿರುಗುಮುರುಗಾಗಿದ್ದರೆ ಈ ದೋಷ ಇನ್ನಷ್ಟು ಮರೆಯಲ್ಲಿರುತ್ತದೆ. ಮೂರು ತಳ್ಳುತ್ತವೆ, ಒಂದು ಎಳೆಯುತ್ತದೆ. ನಾಲ್ಕರ ಬದಲು ಎರಡರಷ್ಟೇ ಒತ್ತಡ ಉಳಿದು ತಗ್ಗಿನ ಸ್ವರಗಳಲ್ಲಿ 6 ಡೆಸಿಬೆಲ್ ಇಳಿಕೆಯಾಗುತ್ತದೆ. ಸದ್ದು ಪೂರ್ತಿ ಸತ್ತಂತೆ ಕೇಳದಿರುವುದರಿಂದ ಇದು ಈ ಕ್ಯಾಬಿನೆಟ್‌ನ ಗುಣವೇ ಇರಬೇಕೆಂದು ಒಪ್ಪಿಕೊಂಡು ವರ್ಷಗಟ್ಟಲೆ ಬಳಸುವವರಿದ್ದಾರೆ.

ಕೆಲಸಕ್ಕೆ ಮುನ್ನ

ಆಂಪ್‌ನ ಸ್ವಿಚ್ ಆರಿಸಿದರೆ ಸಾಲದು, 230 ವೋಲ್ಟ್‌ನ ಪ್ಲಗ್ಗನ್ನು ಗೋಡೆಯಿಂದಲೇ ಕೀಳಬೇಕು. ವಾಲ್ವ್ ಆಂಪ್‌ನ ಒಳಗೆ 400 ವೋಲ್ಟ್‌ಗೂ ಮಿಕ್ಕಿದ ಡಿಸಿ ಇರುವುದು ಸಾಮಾನ್ಯ, ಮತ್ತು ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಈ ಪರೀಕ್ಷೆಗೆ ಚಾಸಿಯನ್ನು (ಆಂಪ್‌ನ ಸರ್ಕಿಟ್ ಇರುವ ಲೋಹದ ಪೆಟ್ಟಿಗೆಯನ್ನು) ಬಿಚ್ಚುವ ಅಗತ್ಯವೇ ಇಲ್ಲವಾದ್ದರಿಂದ ಅದಕ್ಕೆ ಕೈಹಾಕಬೇಡಿ. ಹಿಂಬದಿ ತೆರೆದಿರುವ ಕಾಂಬೊ ಆಂಪ್‌ಗಳಲ್ಲಿ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವಂಥವು) ವಾಲ್ವ್‌ಗಳು ಸ್ಪೀಕರ್‌ಗಳ ಮೇಲೆಯೇ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಅವು ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ: ಸ್ಪೀಕರ್‌ಗೆ ಬ್ಯಾಟರಿ ತಾಗಿಸುವ ಮೊದಲು ಆಂಪ್‌ಗೂ ಸ್ಪೀಕರ್‌ಗೂ ಇರುವ ಸಂಪರ್ಕವನ್ನು ಕಡಿಯಲೇಬೇಕು. ವಾಲ್ವ್‌ಗಳಿಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಬದಿಯ ಸುರುಳಿಯ ರೋಧ ತೀರಾ ಕಡಿಮೆ ಇರುವುದರಿಂದ ಬ್ಯಾಟರಿಯ ಕರೆಂಟಿನ ಬಹುಪಾಲು ಅತ್ತ ಹರಿದುಹೋಗುತ್ತದೆ. ಜೊತೆಗೆ, ಬ್ಯಾಟರಿಯನ್ನು ತೆಗೆದ ಕ್ಷಣದಲ್ಲಿ ಆ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ ವಾಲ್ವ್‌ಗಳ ಬದಿಯಲ್ಲಿ ಹಲವು ಪಟ್ಟು ಹಿಗ್ಗಿ ಕಾಣಿಸಿಕೊಳ್ಳುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್‌ಗೂ ಹೊರಗಿನ ಬ್ಯಾಟರಿಯನ್ನು ಕೊಡಬಾರದು. ಕೆಲಸ ಮುಗಿದ ಮೇಲೆ ಸ್ಪೀಕರ್‌ನ ಪ್ಲಗ್ಗನ್ನು ಮರಳಿ ಸಿಕ್ಕಿಸದೆ ವಾಲ್ವ್ ಆಂಪನ್ನು ಹಾಕುವುದಂತೂ ಕೂಡದು, ಏಕೆಂದರೆ ಹೊರೆಯಿಲ್ಲದೆ ನುಡಿಸಿದ ವಾಲ್ವ್ ಆಂಪ್‌ನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಸಂಭವವಿದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. 1.5 ವೋಲ್ಟ್‌ನ ಪೆನ್ ಟಾರ್ಚ್ ಸೆಲ್, 9 ವೋಲ್ಟ್‌ನ ಚೌಕ ಬ್ಯಾಟರಿ, ಎರಡು ತುದಿಗೂ ಮೊಸಳೆ ಕ್ಲಿಪ್ ಇರುವ ಎರಡು ತಂತಿ, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟಾರ್ಚು, ಕಾಗದದ ಅಂಟುಪಟ್ಟಿ ಮತ್ತು ಪೆನ್ನು ಇದ್ದರೆ ಸಾಕು. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತವೆ. ಯಾವ ತಂತಿಯನ್ನು ಮುಟ್ಟುವ ಮೊದಲೂ ಈಗಿರುವ ಜೋಡಣೆಯನ್ನು ಫೋನಿನಲ್ಲಿ ಹತ್ತಿರದಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ನೆನಪನ್ನು ನೆಚ್ಚಿಕೊಳ್ಳುವುದು ಸರಿಯಲ್ಲ.

ಮೊದಲ ಹಂತ: ರೋಧವನ್ನು ಅಳೆಯುವುದು

ಉದಾಹರಣೆಗೆ ಫೆಂಡರ್ ಟ್ವಿನ್ ರಿವರ್ಬ್ ಮಾದರಿಯ ಆಂಪನ್ನು ತೆಗೆದುಕೊಳ್ಳೋಣ. ಅದರಲ್ಲಿ 12 ಇಂಚಿನ, ತಲಾ 8 ಓಮ್‌ನ ಎರಡು ಸ್ಪೀಕರ್‌ಗಳು ಸಮಾಂತರವಾಗಿ ಸೇರಿ ಒಟ್ಟು 4 ಓಮ್ ಆಗುತ್ತದೆ. ಎರಡರಿಂದಲೂ ಹೊರಟ ತಂತಿ ಕಾಲಂಗುಲದ ಒಂದು ಪ್ಲಗ್‌ನಲ್ಲಿ ಕೊನೆಗೊಂಡು ಚಾಸಿಯ ಹಿಂಬದಿಯ ಜ್ಯಾಕ್‌ಗೆ ಸಿಕ್ಕಿಕೊಂಡಿರುತ್ತದೆ. ಆ ಪ್ಲಗ್ಗನ್ನು ಎಳೆದುಕೊಂಡರೆ ಪರೀಕ್ಷೆಗೆ ಬೇಕಾದ ಎರಡು ಬಿಂದುಗಳೂ ಕೈಯಲ್ಲೇ ಸಿಕ್ಕಂತಾಯಿತು: ಪ್ಲಗ್‌ನ ತುದಿ ಪ್ಲಸ್, ಉದ್ದನೆಯ ಕೊಳವೆಯ ಭಾಗ ಮೈನಸ್.

ಮಲ್ಟಿಮೀಟರನ್ನು 200 ಓಮ್ ಶ್ರೇಣಿಗೆ ಇಟ್ಟು ಈ ಎರಡು ಬಿಂದುಗಳ ನಡುವೆ ಅಳೆಯಿರಿ. ಮೀಟರ್ ತೋರಿಸುವುದು ಡಿಸಿ ರೋಧವನ್ನು. ಅದು ಸ್ಪೀಕರ್ ಮೇಲೆ ಬರೆದಿರುವ ಇಂಪೀಡೆನ್ಸ್‌ಗಿಂತ (ಎಸಿ ಸಿಗ್ನಲ್‌ಗೆ ಸ್ಪೀಕರ್ ಒಡ್ಡುವ ತಡೆಗಿಂತ) ಕಡಿಮೆ ಇರುವುದು ಸಹಜ. 8 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 6ರಿಂದ 7 ಓಮ್, 16 ಓಮ್‌ನದು 12ರಿಂದ 13 ಓಮ್ ತೋರಿಸುತ್ತದೆ. ಟ್ವಿನ್‌ನ ಪ್ಲಗ್‌ನಲ್ಲಿ 3 ಓಮ್‌ನ ಆಸುಪಾಸು ಕಂಡರೆ ಎರಡು ಸ್ಪೀಕರ್‌ಗಳೂ ಸಂಪರ್ಕದಲ್ಲಿವೆ ಎಂದರ್ಥ. 6ಕ್ಕಿಂತ ಮೇಲೆ ಕಂಡರೆ ಒಂದು ಕಡಿದುಹೋಗಿದೆ. ಪೊಲಾರಿಟಿ ತಪ್ಪಿದ್ದರೂ ರೋಧದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ ಎಂಬುದು ನೆನಪಿರಲಿ. ಈ ಅಳತೆ ಹೇಳುವುದು ಸ್ಪೀಕರ್‌ಗಳು ಜೀವಂತವಾಗಿವೆಯೇ ಎಂಬುದನ್ನು ಮಾತ್ರ, ಆದರೆ ಅದು ತಿಳಿಯದೆ ಮುಂದಿನ ಹಂತಕ್ಕೆ ಹೋದರೆ ಸತ್ತ ಸ್ಪೀಕರನ್ನು ತಿರುಗುಮುರುಗಾದ ಸ್ಪೀಕರ್ ಎಂದು ತಪ್ಪು ತಿಳಿಯುವ ಸಾಧ್ಯತೆಯಿದೆ.

ಎರಡನೆಯ ಹಂತ: ಇಡೀ ಆಂಪ್‌ಗೆ ಬ್ಯಾಟರಿ ತಾಗಿಸುವುದು

ಅನೇಕರು ಮೊದಲಿಗೇ ಎಲ್ಲ ತಂತಿಗಳನ್ನೂ ಬಿಚ್ಚಿ ಒಂದೊಂದೇ ಸ್ಪೀಕರನ್ನು ಪರೀಕ್ಷಿಸಲು ಹೊರಡುತ್ತಾರೆ. ಅದು ಬೇಕಾಗಿಲ್ಲ. ಎಲ್ಲ ಸ್ಪೀಕರ್‌ಗಳೂ ಈಗಿರುವ ಜೋಡಣೆಯಲ್ಲಿಯೇ ಒಂದೇ ದಿಕ್ಕಿಗೆ ಸರಿಯುತ್ತವೆ ಎಂದು ಖಾತ್ರಿಯಾದರೆ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಒಂದು ಕ್ಲಿಪ್ ತಂತಿಯಿಂದ ಪ್ಲಗ್‌ನ ಕೊಳವೆಯ ಭಾಗವನ್ನು ಬ್ಯಾಟರಿಯ ಮೈನಸ್‌ಗೆ ಸೇರಿಸಿ. ಇನ್ನೊಂದು ತಂತಿಯನ್ನು ಬ್ಯಾಟರಿಯ ಪ್ಲಸ್‌ಗೆ ಸಿಕ್ಕಿಸಿ ಅದರ ಬಿಡಿ ತುದಿಯನ್ನು ಪ್ಲಗ್‌ನ ತುದಿಗೆ ಕ್ಷಣಕಾಲ ತಾಗಿಸಿ ತೆಗೆಯಿರಿ. ಟಪ್ಪೆಂಬ ಸಣ್ಣ ಸದ್ದಿನೊಂದಿಗೆ ಕೋನ್ ಸರಿಯುತ್ತದೆ. ಇಲ್ಲಿ ನೋಡುವವರು ಎಡವುವ ಕಡೆಗಳು ಎರಡು. ತಂತಿ ತಾಗಿದಾಗ ಕೋನ್ ಒಂದು ಕಡೆಗೆ ಸರಿದರೆ, ತೆಗೆದಾಗ ಅದು ಎದುರು ದಿಕ್ಕಿನಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ. ಬೇಗ ಬೇಗನೆ ತಾಗಿಸಿದರೆ ಕಣ್ಣಿಗೆ ಬೀಳುವುದು ಯಾವ ಚಲನೆ ಎಂಬುದೇ ತಿಳಿಯದು. ಆದ್ದರಿಂದ ತಾಗಿಸಿದ ತಂತಿಯನ್ನು ಸುಮಾರು ಒಂದು ಸೆಕೆಂಡ್ ಹಾಗೆಯೇ ಹಿಡಿದು, ಮೊದಲ ಚಲನೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡನೆಯದಾಗಿ, ತೆರೆದ ಹಿಂಬದಿಯಿಂದ ನೋಡುವಾಗ ಮುಂದಕ್ಕೆ ಸರಿಯುವ ಕೋನ್ ನಿಮ್ಮಿಂದ ದೂರ ಹೋಗುತ್ತದೆ. ಸರಿಯಾದ ಜೋಡಣೆಯ ಗುರುತು ಅದೇ. ಎದುರು ಭಾಗದಿಂದ ನೋಡಿದವರಿಗೆ ಅದೇ ಕೋನ್ ಹತ್ತಿರ ಬಂದಂತೆ ಕಾಣುತ್ತದೆ, ಹಾಗಾಗಿ ಇಬ್ಬರು ಸೇರಿ ಕೆಲಸ ಮಾಡುವಾಗ ಒಳಗೆ, ಹೊರಗೆ ಎನ್ನುವುದರ ಬದಲು ಗ್ರಿಲ್ ಬಟ್ಟೆಯ ಕಡೆಗೆ, ಅಯಸ್ಕಾಂತದ ಕಡೆಗೆ ಎಂದು ಹೇಳಿಕೊಳ್ಳುವುದು ಒಳ್ಳೆಯದು.

ಗಿಟಾರ್ ಸ್ಪೀಕರ್‌ಗಳ ಕೋನ್ ಬಿಗಿಯಾಗಿರುತ್ತದೆ. ಮನೆಯ ಸಬ್‌ವೂಫರ್‌ನಂತೆ ಅದು ಎದ್ದು ಕುಣಿಯುವುದಿಲ್ಲ. ಚಲನೆ ಒಂದು ಮಿಲಿಮೀಟರ್‌ನಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಟಾರ್ಚಿನ ಬೆಳಕನ್ನು ಕೋನ್‌ನ ಮೇಲೆ ಓರೆಯಾಗಿ ಬೀಳಿಸಿದರೆ ನೆರಳಿನ ಗೆರೆ ಸರಿಯುವುದು ಕಾಣುತ್ತದೆ. ಅಷ್ಟೂ ಕಾಣದಿದ್ದರೆ ಬೆರಳ ತುದಿಯನ್ನು ಕೋನ್‌ನ ಅಂಚಿನಿಂದ ಸ್ವಲ್ಪ ಒಳಗೆ ಹಗುರವಾಗಿ ಇರಿಸಿ. ಕಣ್ಣಿಗಿಂತ ಬೆರಳು ಇದನ್ನು ಬೇಗ ಹಿಡಿಯುತ್ತದೆ.

ಬ್ಯಾಟರಿಯ ಆಯ್ಕೆಯ ಬಗ್ಗೆ ಒಂದು ಮಾತು. 1.5 ವೋಲ್ಟ್‌ನ ಸೆಲ್ 8 ಓಮ್‌ನ ಸ್ಪೀಕರ್‌ಗೆ ಕೊಡುವ ಶಕ್ತಿ ಅರ್ಧ ವಾಟ್‌ಗಿಂತಲೂ ಕಡಿಮೆ, ಆದ್ದರಿಂದ ಅದು ಎಂಥ ಹಳೆಯ ಸ್ಪೀಕರ್‌ಗೂ ಅಪಾಯವಿಲ್ಲ. 9 ವೋಲ್ಟ್‌ನ ಬ್ಯಾಟರಿ ಲೆಕ್ಕದ ಮಟ್ಟಿಗೆ 12 ವಾಟ್ ದಾಟುತ್ತದೆ. ಒಳರೋಧದಿಂದಾಗಿ ನಿಜದಲ್ಲಿ ಅಷ್ಟು ಬರುವುದಿಲ್ಲವಾದರೂ, ಸೆಲೆಶನ್ ಬ್ಲೂನಂಥ 15 ವಾಟ್‌ನ ಸ್ಪೀಕರ್‌ಗೆ ಅದನ್ನು ಹಿಡಿದೇ ಇರುವುದು ಒಳ್ಳೆಯದಲ್ಲ. ಮೊದಲು ಸಣ್ಣ ಸೆಲ್‌ನಿಂದ ನೋಡಿ. ಚಲನೆ ತಿಳಿಯದಿದ್ದರೆ ಮಾತ್ರ 9 ವೋಲ್ಟ್‌ಗೆ ಹೋಗಿ.

ಮುಚ್ಚಿದ 4×12 ಕ್ಯಾಬಿನೆಟ್‌ನಲ್ಲಿ

12 ಇಂಚಿನ ನಾಲ್ಕು ಸ್ಪೀಕರ್‌ಗಳಿರುವ, ಹಿಂಬದಿ ಮುಚ್ಚಿದ ಮಾರ್ಷಲ್ 1960ಎಯಂಥ ಕ್ಯಾಬಿನೆಟ್‌ಗಳಲ್ಲಿ ಕೆಲಸ ಸ್ವಲ್ಪ ಬೇರೆ. ಅದರ ಹಿಂಬದಿಯ ಜ್ಯಾಕ್ ತಟ್ಟೆಯಲ್ಲಿ ಮೋನೊದಲ್ಲಿ 4 ಅಥವಾ 16 ಓಮ್, ಸ್ಟೀರಿಯೊದಲ್ಲಿ ತಲಾ 8 ಓಮ್ ಎಂಬ ಆಯ್ಕೆಗಳಿರುತ್ತವೆ. 16 ಓಮ್‌ನ ನಾಲ್ಕು ಸ್ಪೀಕರ್‌ಗಳು ಎರಡೆರಡಾಗಿ ಸಮಾಂತರವಾಗಿ ಸೇರಿ 8 ಓಮ್‌ನ ಎರಡು ಜೋಡಿಗಳಾಗುತ್ತವೆ. ಆ ಜೋಡಿಗಳು ಸರಣಿಯಲ್ಲಿ ಸೇರಿದಾಗ 16, ಸಮಾಂತರವಾಗಿ ಸೇರಿದಾಗ 4. ಇದನ್ನು ವಿವರಿಸಲು ಕಾರಣವಿದೆ: ಸ್ಟೀರಿಯೊ ಸ್ಥಾನದಲ್ಲಿ ಎಡ ಬಲ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಪ್ರತಿ ಜೋಡಿಯೂ ತನ್ನಲ್ಲಿ ಸರಿಯಾಗಿಯೇ ಕಾಣಬಹುದು, ಆದರೆ ಜ್ಯಾಕ್ ತಟ್ಟೆಯ ದುರಸ್ತಿಯ ವೇಳೆ ಒಂದು ಜೋಡಿಯ ತಂತಿಗಳು ಅದಲುಬದಲಾಗಿದ್ದರೆ ಮೋನೊದಲ್ಲಿ ಎರಡು ಸ್ಪೀಕರ್ ತಳ್ಳಿ ಎರಡು ಎಳೆಯುತ್ತವೆ. ತಗ್ಗಿನ ಸ್ವರಗಳ ಮಟ್ಟಿಗೆ ಇದಕ್ಕಿಂತ ಕೆಟ್ಟ ಸ್ಥಿತಿ ಬೇರೊಂದಿಲ್ಲ. ಆದ್ದರಿಂದ ನೀವು ನುಡಿಸುವಾಗ ಬಳಸುವ ಸ್ಥಾನದಲ್ಲಿಯೇ, ಸಾಮಾನ್ಯವಾಗಿ 16 ಓಮ್‌ನ ಜ್ಯಾಕ್‌ನಲ್ಲಿ, ಸ್ಪೀಕರ್ ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯ ಪ್ಲಗ್‌ಗೆ ಬ್ಯಾಟರಿ ತಾಗಿಸಿ. ಸರಣಿಯಲ್ಲಿ ಪ್ರತಿ ಸ್ಪೀಕರ್‌ಗೆ ಬ್ಯಾಟರಿಯ ಅರ್ಧದಷ್ಟೇ ವೋಲ್ಟೇಜ್ ಸಿಗುವುದರಿಂದ ಇಲ್ಲಿ 9 ವೋಲ್ಟ್‌ನದೇ ಬೇಕಾಗುತ್ತದೆ. ಕೋಣೆಯ ದೀಪ ಆರಿಸಿ ಗ್ರಿಲ್ ಬಟ್ಟೆಯ ಮೂಲಕ ಓರೆಯಾಗಿ ಟಾರ್ಚ್ ಬಿಟ್ಟರೆ ಕೋನ್‌ಗಳು ಮಸುಕಾಗಿ ಕಾಣುತ್ತವೆ. ಸಂದೇಹ ಉಳಿದರೆ ಹಿಂಬದಿಯ ಹಲಗೆಯ ತಿರುಪುಗಳನ್ನು ಬಿಚ್ಚಲೇಬೇಕು.

ಹಲಗೆ ಮುಚ್ಚಿರುವಾಗ ಒಂದು ಮೋಸದ ಚಲನೆಯನ್ನು ಗಮನಿಸಬೇಕು. ಮೂರು ಕೋನ್‌ಗಳು ಮುಂದಕ್ಕೆ ಸರಿದಾಗ ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡ ಇಳಿದು, ತಂತಿ ಕಡಿದು ಸುಮ್ಮನಿರುವ ನಾಲ್ಕನೆಯ ಕೋನ್ ತಾನಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ನೋಡುವವರಿಗೆ ಅದು ತಪ್ಪು ಪೊಲಾರಿಟಿಯಂತೆಯೇ ಕಾಣುತ್ತದೆ. ರೋಧವನ್ನು ಮೊದಲೇ ಅಳೆದಿರಬೇಕೆಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಮೂರನೆಯ ಹಂತ: ಒಂದೊಂದೇ ಸ್ಪೀಕರನ್ನು ಗುರುತಿಸುವುದು

ಯಾವುದೋ ಒಂದು ಎದುರು ದಿಕ್ಕಿಗೆ ಸರಿಯಿತು ಎಂದಿಟ್ಟುಕೊಳ್ಳೋಣ. ತಪ್ಪು ಎರಡು ಕಡೆ ಇರಬಹುದು: ತಂತಿಯನ್ನು ಜೋಡಿಸಿದವರು ತಪ್ಪಿರಬಹುದು, ಅಥವಾ ಸ್ಪೀಕರ್‌ನ ಮೇಲಿನ ಗುರುತೇ ಸುಳ್ಳಿರಬಹುದು. ಆ ಸ್ಪೀಕರ್‌ನಿಂದ ಎರಡೂ ತಂತಿಗಳನ್ನು ಬಿಡಿಸಿ, ನೇರವಾಗಿ ಅದರ ಟರ್ಮಿನಲ್‌ಗಳಿಗೆ ಸೆಲ್ ತಾಗಿಸಿ. ಕೋನ್ ಗ್ರಿಲ್‌ನ ಕಡೆಗೆ ಸರಿದಾಗ ಸೆಲ್‌ನ ಪ್ಲಸ್ ಯಾವ ಟರ್ಮಿನಲ್‌ನಲ್ಲಿತ್ತೋ ಅದೇ ನಿಜವಾದ ಪ್ಲಸ್. ಅದರ ಪಕ್ಕದಲ್ಲಿ ಅಂಟುಪಟ್ಟಿ ಹಚ್ಚಿ ಪೆನ್ನಿನಿಂದ ಗುರುತು ಹಾಕಿ. ಉಳಿದ ಸ್ಪೀಕರ್‌ಗಳಿಗೂ ಹೀಗೆಯೇ ಮಾಡಿ.

ಗುರುತು ಸುಳ್ಳಾಗುವುದು ಅಪರೂಪವೇನಲ್ಲ. ಜೆಬಿಎಲ್ ಸಂಸ್ಥೆ ದಶಕಗಳ ಕಾಲ ಉಳಿದವರಿಗೆ ಎದುರಾದ ರೂಢಿಯನ್ನು ಅನುಸರಿಸಿತು. ಅದರ ಹಳೆಯ ಸ್ಪೀಕರ್‌ಗಳಲ್ಲಿ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ಕೋನ್ ಹಿಂದಕ್ಕೆ ಸರಿಯುತ್ತದೆ. 1960ರ ದಶಕದ ಫೆಂಡರ್ ಆಂಪ್‌ಗಳಲ್ಲಿ ಹೆಚ್ಚಿನ ಬೆಲೆಗೆ ದೊರೆಯುತ್ತಿದ್ದ ಡಿ120ಎಫ್ ಇಂಥದೇ. ಎರಡೂ ಜೆಬಿಎಲ್ ಆಗಿದ್ದರೆ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ, ನಾದಕ್ಕೆ ತೊಂದರೆಯಿಲ್ಲ. ಒಂದು ಕೆಟ್ಟುಹೋಗಿ ಅದರ ಜಾಗದಲ್ಲಿ ಬೇರೆ ಕಂಪನಿಯದನ್ನು ಹಾಕಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಶ್ರದ್ಧೆಯಿಂದ ಜೋಡಿಸಿದಾಗಲೇ ತಗ್ಗಿನ ಸ್ವರ ಮಾಯವಾಗುತ್ತದೆ. ಹೊಸ ಕೋನ್ ಮತ್ತು ಕಾಯಿಲ್ (ಕೋನ್‌ಗೆ ಅಂಟಿರುವ ತಂತಿಯ ಸುರುಳಿ) ಹಾಕಿಸಿದ ಸ್ಪೀಕರ್‌ಗಳಲ್ಲಿಯೂ ಕಾಯಿಲ್‌ನ ಎರಡು ತುದಿಗಳು ಟರ್ಮಿನಲ್‌ಗೆ ತಿರುಗುಮುರುಗಾಗಿ ಬೆಸೆದುಕೊಂಡಿರುವುದುಂಟು.

ಕೈಯಲ್ಲಿ ಬ್ಯಾಟರಿ ಇಲ್ಲದಿದ್ದರೆ ಮಲ್ಟಿಮೀಟರ್ ಒಂದೇ ಸಾಕು. ಅದನ್ನು 200 ಮಿಲಿವೋಲ್ಟ್ ಡಿಸಿ ಶ್ರೇಣಿಗಿಟ್ಟು, ಕೆಂಪು ಕಡ್ಡಿಯನ್ನು ಪ್ಲಸ್ ಎಂದು ಊಹಿಸಿದ ಟರ್ಮಿನಲ್‌ಗೆ, ಕಪ್ಪನ್ನು ಇನ್ನೊಂದಕ್ಕೆ ಸೇರಿಸಿ, ಕೋನನ್ನು ಎದುರಿನಿಂದ ಅಂಗೈಯ ಬೆರಳುಗಳೆಲ್ಲ ಸಮನಾಗಿ ತಾಗುವಂತೆ ಮೆಲ್ಲನೆ ಒಳಕ್ಕೆ ಒತ್ತಿ. ಒತ್ತುವ ಕ್ಷಣದಲ್ಲಿ ಮೀಟರ್ ಮೈನಸ್ ತೋರಿಸಿದರೆ ಊಹೆ ಸರಿ. ಒಂದೇ ಬೆರಳಿನಿಂದ ಓರೆಯಾಗಿ ಒತ್ತಿದರೆ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತದೆ, ಅದಕ್ಕೆ ಆಸ್ಪದ ಕೊಡಬೇಡಿ. ನಾನು ಬ್ಯಾಟರಿಯ ಪರೀಕ್ಷೆಯನ್ನೇ ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಡಿಜಿಟಲ್ ಮೀಟರಿನ ಅಂಕಿಗಳು ಇಂಥ ಕ್ಷಣಿಕ ವೋಲ್ಟೇಜನ್ನು ನಿಧಾನವಾಗಿ ಹಿಡಿಯುತ್ತವೆ.

ನಾಲ್ಕನೆಯ ಹಂತ: ಸರಿಪಡಿಸುವುದು

ಸಮಾಂತರ ಜೋಡಣೆಯಲ್ಲಿ ಎಲ್ಲ ನಿಜವಾದ ಪ್ಲಸ್‌ಗಳೂ ಪ್ಲಗ್‌ನ ತುದಿಗೆ, ಎಲ್ಲ ಮೈನಸ್‌ಗಳೂ ಕೊಳವೆಯ ಭಾಗಕ್ಕೆ ಸೇರಬೇಕು. ಸರಣಿ ಜೋಡಣೆಯಲ್ಲಿ ಪ್ಲಗ್‌ನ ತುದಿ ಮೊದಲನೆಯದರ ಪ್ಲಸ್‌ಗೆ, ಮೊದಲನೆಯದರ ಮೈನಸ್ ಎರಡನೆಯದರ ಪ್ಲಸ್‌ಗೆ, ಎರಡನೆಯದರ ಮೈನಸ್ ಕೊಳವೆಗೆ ಹೋಗಬೇಕು. ಸರಣಿಯಲ್ಲಿ ಪ್ಲಸ್‌ಗೆ ಪ್ಲಸ್ ಸೇರಿದ್ದು ಕಂಡರೆ ತಪ್ಪು ಅಲ್ಲೇ ಇದೆ.

ಅದಲುಬದಲು ಮಾಡುವುದು ಸ್ಪೀಕರ್‌ನ ಟರ್ಮಿನಲ್‌ನಲ್ಲಿ ಮಾತ್ರ. ಚಾಸಿಯೊಳಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ ಸ್ಪೀಕರ್ ಜ್ಯಾಕ್‌ಗೆ ಬರುವ ತಂತಿಗಳನ್ನು ಎಂದೂ ಬದಲಿಸಬಾರದು. ಹೆಚ್ಚಿನ ಫೆಂಡರ್ ಮತ್ತು ಮಾರ್ಷಲ್ ಆಂಪ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಬದಿಯಿಂದಲೇ ಸ್ವಲ್ಪ ಸಿಗ್ನಲನ್ನು ಹಿಂದಕ್ಕೆ ಕೊಟ್ಟು ವಿಕೃತಿಯನ್ನು ತಗ್ಗಿಸುವ ನೆಗೆಟಿವ್ ಫೀಡ್‌ಬ್ಯಾಕ್ ಏರ್ಪಾಡಿದೆ. ಅಲ್ಲಿ ತಂತಿ ತಿರುಗಿದರೆ ಅದು ಪಾಸಿಟಿವ್ ಆಗಿ ಆಂಪ್ ಕಿರುಚತೊಡಗುತ್ತದೆ. ಸ್ಪೀಕರ್ ತುದಿಯಲ್ಲಿ ಬದಲಿಸಿದರೆ ಈ ತೊಂದರೆಯಿಲ್ಲ.

ಒತ್ತಿ ಸಿಕ್ಕಿಸುವ ಕ್ಲಿಪ್ ಇದ್ದರೆ ಟರ್ಮಿನಲ್ ಪಟ್ಟಿಯನ್ನು ಒಂದು ಕೈಯಿಂದ ಆಧರಿಸಿ ನೇರವಾಗಿ ಎಳೆಯಿರಿ, ಅಲ್ಲಾಡಿಸಿ ಕೀಳಬೇಡಿ. ಬೆಸುಗೆ ಇದ್ದರೆ ಬಿಸಿಯನ್ನು ಆದಷ್ಟು ಕಡಿಮೆ ಹೊತ್ತು ಕೊಡಬೇಕು; ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ಮೆದು ತಂತಿಗೆ ಸೀಸ ಹರಿದರೆ ಅದು ಗಡುಸಾಗಿ, ಮುಂದೊಂದು ದಿನ ಅಲ್ಲಿಯೇ ಮುರಿಯುತ್ತದೆ. ಕಬ್ಬಿಣದ ಸ್ಕ್ರೂಡ್ರೈವರನ್ನು ಸ್ಪೀಕರ್ ಬಳಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಅಯಸ್ಕಾಂತ ಅದನ್ನು ಒಮ್ಮೆಲೇ ಸೆಳೆದು, ಮೊನೆ ಕಾಗದದ ಕೋನನ್ನು ತೂರಿಹೋಗುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಎರಡನೆಯ ಹಂತವನ್ನು ಮತ್ತೊಮ್ಮೆ ಪೂರ್ತಿ ಮಾಡಿ. ಅನಂತರ ಪ್ಲಗ್ಗನ್ನು ಆಂಪ್‌ಗೆ ಸಿಕ್ಕಿಸಿ, ಟೋನ್ ಗುಂಡಿಗಳನ್ನು ನಡುವಿಗಿಟ್ಟು ಆರನೆಯ ತಂತಿಯನ್ನು ಖಾಲಿ ಮೀಟಿ ಕೇಳಿ. ದೋಷ ನಿಜಕ್ಕೂ ಇದ್ದಿದ್ದರೆ ವ್ಯತ್ಯಾಸವನ್ನು ಹುಡುಕಬೇಕಾಗುವುದಿಲ್ಲ.

ಎರಡು ಕ್ಯಾಬಿನೆಟ್ ಅಥವಾ ಎರಡು ಆಂಪ್ ಇದ್ದಾಗ

ಒಂದೇ ಸ್ಪೀಕರ್ ಇರುವ ಆಂಪ್‌ನಲ್ಲಿ ಪೊಲಾರಿಟಿ ತಿರುಗಿದ್ದರೂ ಒಂಟಿಯಾಗಿ ನುಡಿಸುವಾಗ ಕಿವಿಗೆ ಪ್ರಾಯೋಗಿಕವಾಗಿ ಏನೂ ತಿಳಿಯುವುದಿಲ್ಲ. ಅದರ ಜೊತೆಗೆ ಇನ್ನೊಂದು ಕ್ಯಾಬಿನೆಟ್ ಸೇರಿಸಿದ ದಿನ ಪ್ರಶ್ನೆ ಏಳುತ್ತದೆ. ಆದ್ದರಿಂದ ಪ್ರತಿ ಕ್ಯಾಬಿನೆಟ್ಟನ್ನೂ ಪ್ಲಗ್‌ನ ತುದಿಗೆ ಪ್ಲಸ್ ಕೊಟ್ಟಾಗ ಕೋನ್ ಮುಂದಕ್ಕೆ ಸರಿಯುವಂತೆ ಮಾಡಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಎರಡು ಬೇರೆ ಆಂಪ್‌ಗಳನ್ನು ಒಂದೇ ಗಿಟಾರಿನಿಂದ ಒಟ್ಟಿಗೆ ನುಡಿಸುವಾಗ ಸ್ಪೀಕರ್‌ಗಳೆಲ್ಲ ಸರಿಯಿದ್ದರೂ ನಾದ ಟೊಳ್ಳಾಗಬಹುದು. ವಾಲ್ವ್‌ನ ಸಾಮಾನ್ಯ ಗೇನ್ ಹಂತವೊಂದು (ಸಿಗ್ನಲನ್ನು ಹಿಗ್ಗಿಸುವ ಒಂದು ಮೆಟ್ಟಿಲು) ಸಿಗ್ನಲನ್ನು ತಲೆಕೆಳಗು ಮಾಡುತ್ತದೆ, ಆದ್ದರಿಂದ ಹಂತಗಳ ಸಂಖ್ಯೆ ಒಂದರಲ್ಲಿ ಸಮ, ಇನ್ನೊಂದರಲ್ಲಿ ಬೆಸವಾಗಿದ್ದರೆ ಎರಡು ಆಂಪ್‌ಗಳು ಎದುರುಬದುರಾಗುತ್ತವೆ. ಬ್ಲ್ಯಾಕ್‌ಫೇಸ್ ಕಾಲದ (1960ರ ದಶಕದ, ಕಪ್ಪು ಮುಂಫಲಕದ) ಟ್ವಿನ್ ರಿವರ್ಬ್‌ನಲ್ಲಿಯೇ ಇದಕ್ಕೆ ಉದಾಹರಣೆಯಿದೆ: ಅದರ ವೈಬ್ರಾಟೊ ಚಾನೆಲ್‌ನಲ್ಲಿ ನಾರ್ಮಲ್ ಚಾನೆಲ್‌ಗಿಂತ ಒಂದು ಹಂತ ಹೆಚ್ಚಿರುವುದರಿಂದ ಎರಡನ್ನೂ ಕೂಡಿಸಿ ನುಡಿಸಿದರೆ ಸದ್ದು ದೊಡ್ಡದಾಗುವ ಬದಲು ಬಡವಾಗುತ್ತದೆ. ಇಂಥ ಕಡೆ ಸ್ಪೀಕರ್ ತಂತಿಗಳನ್ನು ಮುಟ್ಟಬೇಡಿ. ಚಾನೆಲ್ ಬದಲಿಸಿದ ಕೂಡಲೇ ಆ ತಿದ್ದುಪಡಿ ತಪ್ಪಾಗಿಬಿಡುತ್ತದೆ. ಎರಡು ಆಂಪ್‌ಗಳಿಗೆ ಸಿಗ್ನಲ್ ಹಂಚುವ ಪೆಟ್ಟಿಗೆಗಳಲ್ಲಿ ಫೇಸ್ ತಿರುಗಿಸುವ ಸ್ವಿಚ್ ಇರುವಂಥದನ್ನು ಆರಿಸಿ, ಎರಡೂ ಆಂಪ್‌ಗಳ ವಾಲ್ಯೂಮನ್ನು ಸಮನಾಗಿಟ್ಟು, ಆರನೆಯ ತಂತಿ ಹೆಚ್ಚು ತುಂಬಿಕೊಂಡು ಕೇಳಿಸುವ ಸ್ಥಾನದಲ್ಲಿ ಸ್ವಿಚ್ಚನ್ನು ಬಿಡಿ.